ಕೇಳುವ ಕಿವಿ

ಜ್ಞಾನೋಕ್ತಿ 20:12 ತೆಗೀರಿ. ಕಿವಿ ದೇವರ ಕೈಕೆಲಸ ಅನ್ನೋದು ಆ ವಚನದ ಸಾರಾಂಶ. ಆತ ಅದನ್ನ ಹೇಗೆ ಮಾಡಿದ್ದಾನೆ ಅಂತ ನೋಡೋಣ.

ನಾನೀಗ ಮಾತಾಡ್ತಿದ್ದೀನಿ, ಗಾಳಿ ಕಂಪಿಸ್ತಾ ಇದೆ. ಆ ಕಂಪನ ನಿಮ್ಮ ಕಿವಿಯೊಳಗೆ ಹೋಗಿ ತಮಟೆಗೆ ಬಡಿಯುತ್ತೆ. ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳು. ಮೂರನೆಯದು ಅಕ್ಕಿಕಾಳಿಗಿಂತ ಚಿಕ್ಕದು, ಇಡೀ ದೇಹದಲ್ಲೇ ಅತಿ ಚಿಕ್ಕ ಮೂಳೆ. ಅದು ಕಂಪನವನ್ನು ಒಳಗಿವಿಗೆ ದಾಟಿಸುತ್ತೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿ, ಅದರ ತುಂಬ ದ್ರವ. ದ್ರವದಲ್ಲಿ ಅಲೆ ಎದ್ದಾಗ ಕೂದಲಿನಂಥ ಎಳೆಗಳಿರುವ ಜೀವಕೋಶಗಳು ಬಾಗುತ್ತವೆ. ಆಗ ಹುಟ್ಟುವ ವಿದ್ಯುತ್ ಸಂಕೇತ ನರದ ಮೂಲಕ ಮೆದುಳಿಗೆ ಹೋಗುತ್ತೆ. ಶಬ್ದಕ್ಕೆ ಅರ್ಥ ಸಿಗೋದು ಅಲ್ಲಿ.

ಈ ಕೋಶಗಳು ಒಂದು ಕಿವಿಗೆ ಸುಮಾರು 15,000 ಮಾತ್ರ. ಚರ್ಮ ಗೀರಿದರೆ ಮತ್ತೆ ಬೆಳೆಯುತ್ತೆ, ಇವು ಸತ್ತರೆ ತಾವಾಗಿ ಬೆಳೆಯಲ್ಲ. 80 ಡೆಸಿಬೆಲ್ ಶಬ್ದವಾದರೆ ವಾರಕ್ಕೆ 40 ಗಂಟೆ, 90 ಆದರೆ 4 ಗಂಟೆ ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಪ್ರಿಯರೇ, ಒಂದು ಅರಿಕೆ ಮಾಡ್ಕೋತೀನಿ. ನಾನು ಹನ್ನೆರಡು ವರ್ಷ ಆರಾಧನೆಯಲ್ಲಿ ಡ್ರಮ್ಸ್ ನುಡಿಸಿದವನು. "ವಾಲ್ಯೂಮ್ ಏರಿಸಿ, ಅಭಿಷೇಕ ಇಳೀಲಿ" ಅಂತಿದ್ದೆ. ಇವತ್ತು ನನ್ನ ಎಡಗಿವಿಯಲ್ಲಿ ರಾತ್ರಿಯೆಲ್ಲ ಗುಂಯ್ ಅನ್ನುತ್ತೆ. ಮಗಳು ಮೆಲ್ಲಗೆ ಏನಾದ್ರೂ ಹೇಳಿದ್ರೆ "ಏನಮ್ಮಾ?" ಅಂತ ಎರಡು ಸಲ ಕೇಳ್ತೀನಿ. ಒಮ್ಮೆ ಅವಳು "ಬಿಡಿ ಪಪ್ಪಾ, ಪರವಾಗಿಲ್ಲ" ಅಂದುಬಿಟ್ಟಳು. ಆ ಮಾತು ಮಾತ್ರ ಸರಿಯಾಗಿ ಕೇಳಿಸ್ತು.

ದೇವರು ವಾಸಿಮಾಡಬಲ್ಲ, ಅದನ್ನ ನಂಬ್ತೀನಿ, ಪ್ರತಿದಿನ ಪ್ರಾರ್ಥಿಸ್ತೀನಿ. ಮಾರ್ಕ 7ರಲ್ಲಿ ಕಿವುಡನ ಕಿವಿಗೆ ಬೆರಳಿಟ್ಟ ಯೇಸು ಇವತ್ತೂ ಜೀವಂತನು. ಆದ್ರೆ ಕೊಟ್ಟ ಕಿವಿಯನ್ನ ಕಾಪಾಡೋದು ಅಪನಂಬಿಕೆ ಅಲ್ಲ. ಅದು ಮನೆವಾರ್ತೆಯವನ ನಂಬಿಗಸ್ತಿಕೆ.

1 ಸಮುವೇಲ 3ನೇ ಅಧ್ಯಾಯ ನೆನಪಿಸ್ಕೊಳ್ಳಿ. ರಾತ್ರಿ, ನಿಶ್ಶಬ್ದ. ಹುಡುಗನಿಗೆ ಸ್ವರ ಕೇಳಿಸ್ತು, ಆದ್ರೆ ಮೂರು ಸಲವೂ ಏಲಿಯ ಹತ್ತಿರ ಓಡಿದ. ಕಿವಿ ಚೆನ್ನಾಗಿತ್ತು, ಸ್ವರದ ಗುರುತು ಸಿಕ್ಕಿರಲಿಲ್ಲ. ಗುರುತು ಹಿಡಿಯೋಕೆ ಮೌನ ಬೇಕು, ಕಲಿಸಿಕೊಡುವ ಹಿರಿಯರೂ ಬೇಕು.

ಯೌವನಸ್ಥರೇ, ಈ ವಾರ ಎರಡು ಕೆಲಸ. ಮೆಟ್ರೋದಲ್ಲಿ ಇಯರ್‌ಫೋನ್ ಸದ್ದು ಇಳಿಸಿ. ಮಲಗೋ ಮುಂಚೆ ಹತ್ತು ನಿಮಿಷ ಅದನ್ನ ತೆಗೆದಿಟ್ಟು ಕರ್ತನ ಮುಂದೆ ಸುಮ್ಮನೆ ಕೂತ್ಕೊಳ್ಳಿ. ಸೌಂಡ್ ಟೀಮಿನ ತಮ್ಮಂದಿರೇ, ಮುಂದಿನ ಭಾನುವಾರದಿಂದ ನಮ್ಮ ಸಭೆಯಲ್ಲೂ ಇಳಿಸೋಣ. ಪವಿತ್ರಾತ್ಮನಿಗೆ ಸ್ಪೀಕರ್ ಬೇಕಿಲ್ಲ.

ಈಗ ಎದ್ದು ನಿಂತು ಪ್ರಾರ್ಥಿಸೋಣ, ಮೆಲ್ಲಗೆ. ಆಮೆನ್.