ಆಜಾನುಬಾಹುಗಳಿಗೆ ಐಸ್ ಹಾಕಿ ಒಲಿದೀತೇ?

ಪ್ರಶ್ನೆ: ಟಿ.ವಿ.ಯಲ್ಲಿ ಐಸ್ ಹಾಕಿ ನೋಡುವಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಎದುರಾಳಿಗೆ ಮೈಯಿಂದ ಗುದ್ದಿ ಬೀಳಿಸಲು ಅವಕಾಶವಿರುವ ಆಟ ಅದು. ಹಾಗಿದ್ದ ಮೇಲೆ ಏಳಡಿ ಎತ್ತರದ ಬಾಸ್ಕೆಟ್‌ಬಾಲ್ ಆಟಗಾರರನ್ನೋ ನೂರೈವತ್ತು ಕಿಲೊ ತೂಗುವ ಸುಮೊ ಜಟ್ಟಿಗಳನ್ನೋ ತಂಡಕ್ಕೆ ಸೇರಿಸಿಕೊಂಡರೆ ಎದುರು ನಿಲ್ಲುವವರು ಯಾರು? ಅಷ್ಟೂ ಬೇಡ, ಒಬ್ಬ ದಢೂತಿಯನ್ನು ಗೋಲಿನ ಬಾಯಿಗೆ ಕೂರಿಸಿಬಿಟ್ಟರೆ ಸಾಲದೇ?
— ಓದುಗರೊಬ್ಬರು, ಸಯನ್ ಪೂರ್ವ, ಮುಂಬೈ

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಇಬ್ಬರಿದ್ದಾರೆ. ಒಬ್ಬ ಎತ್ತರದವನು, ಇನ್ನೊಬ್ಬ ಭಾರದವನು. ಇಬ್ಬರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಎತ್ತರದವನಿಗೆ ಐಸ್ ಹಾಕಿ ಒಲಿದಿದೆ, ಅದಕ್ಕೆ ದೊಡ್ಡ ಸಾಕ್ಷಿಯೇ ಇದೆ. ಬರೀ ಭಾರವನ್ನು ನಂಬಿದವನಿಗೆ ಅದು ಒಲಿದಿಲ್ಲ, ಒಲಿಯುವ ಲಕ್ಷಣವೂ ಇಲ್ಲ.

ಮೊದಲು ಆ ಸಾಕ್ಷಿ. ಈಗಿನ ಸ್ಲೊವಾಕಿಯಾದ ಟ್ರೆಂಚಿನ್ ಎಂಬ ಊರಿನಲ್ಲಿ 1977ರಲ್ಲಿ ಹುಟ್ಟಿದ ಝ್ಡೆನೊ ಚಾರಾ ಅವರ ಎತ್ತರ 6 ಅಡಿ 9 ಇಂಚು, ತೂಕ ಸುಮಾರು 113 ಕಿಲೊ. ಸ್ಕೇಟು ಕಟ್ಟಿಕೊಂಡು ನಿಂತರೆ ಏಳಡಿ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಅವರಿಗಿಂತ ಎತ್ತರದವರು ಯಾರೂ ಆಡಿಲ್ಲ. ತಂದೆ ಕುಸ್ತಿಪಟು, 1976ರ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾ ಪರ ಸೆಣಸಿದವರು. ಮಗನಿಗೆ ಕಸರತ್ತು ಮಾಡಿಸಿ ಮೈ ಕಟ್ಟಿಕೊಟ್ಟವರೂ ಅವರೇ. ಹುಡುಗ ಉದ್ದ ಬೆಳೆಯುತ್ತ ಹೋದಂತೆ ನೋಡಿದವರೆಲ್ಲ ಬಾಸ್ಕೆಟ್‌ಬಾಲ್ ಆಡು ಎಂದರು. ಇಷ್ಟು ಉದ್ದದವನು ಹಿಮದ ಮೇಲೆ ಸಲೀಸಾಗಿ ತಿರುಗಲಾರ ಎಂಬುದು ಆಗಿನ ತರಬೇತುದಾರರ ಗಟ್ಟಿ ನಂಬಿಕೆ. 1996ರಲ್ಲಿ ಲೀಗಿನ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಅವರ ಸರದಿ ಬಂದದ್ದು ಮೂರನೆಯ ಸುತ್ತಿನಲ್ಲಿ, 56ನೆಯವರಾಗಿ.

ಆಮೇಲೆ ನಡೆದದ್ದು ಕ್ರೀಡಾ ಇತಿಹಾಸ. 2006ರಿಂದ 2020ರವರೆಗೆ ಬಾಸ್ಟನ್ ಬ್ರೂಯಿನ್ಸ್ ತಂಡದ ನಾಯಕ. 2009ರಲ್ಲಿ ಲೀಗಿನ ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ. 2011ರಲ್ಲಿ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್. 2012ರ ಆಲ್ ಸ್ಟಾರ್ ಸ್ಪರ್ಧೆಯಲ್ಲಿ ಅವರು ಹೊಡೆದ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಗಂಟೆಗೆ 175 ಕಿಲೊಮೀಟರ್ ವೇಗದಲ್ಲಿ ಹೋಯಿತು. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ 1,680 ಪಂದ್ಯ ಆಡಿದ್ದರು. ಅಲ್ಲಿಯವರೆಗೆ ಯಾವ ಡಿಫೆಂಡರ್ ಕೂಡ ಅಷ್ಟು ಆಡಿರಲಿಲ್ಲ. ನಿವೃತ್ತಿಯ ಮರುವರ್ಷ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದರು. ಈ ಕೊನೆಯ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 42 ಕಿಲೊಮೀಟರ್ ಓಡಬಲ್ಲ ದೇಹ ಅದು. ಅದರ ಗಾತ್ರವನ್ನು ನೋಡಿ ಬೆರಗಾಗುವವರು ಅದರ ದಮ್ಮನ್ನು ಮರೆತುಬಿಡುತ್ತಾರೆ.

ಎತ್ತರ ಅವರಿಗೆ ಕೊಟ್ಟದ್ದೇನು? ಕೈಯಳತೆ. ಐಸ್ ಹಾಕಿ ಸ್ಟಿಕ್ಕಿನ ಹಿಡಿಗೋಲು 63 ಇಂಚಿಗಿಂತ ಉದ್ದವಿರಬಾರದೆಂದು ಲೀಗಿನ ನಿಯಮ. ಆರೂವರೆ ಅಡಿ ಅಥವಾ ಅದಕ್ಕೂ ಎತ್ತರದವರು ಕೇಳಿಕೊಂಡರೆ ಮಾತ್ರ 65 ಇಂಚಿನವರೆಗೆ ಒಪ್ಪಿಗೆ ಸಿಗುತ್ತದೆ. ಚಾರಾ ಅಂಥ ಸ್ಟಿಕ್ ಹಿಡಿದು ಕೈ ಚಾಚಿದರೆ ಎದುರಾಳಿ ಇನ್ನೂ ದೂರದಲ್ಲಿರುವಾಗಲೇ ಅವನ ಪಕ್ ಕಸಿಯಬಹುದಿತ್ತು. ದಾಳಿಗೆ ಬಂದವನು ಅವರನ್ನು ಬಳಸಿಕೊಂಡು ಹೋಗಬೇಕಾದರೆ ರಿಂಕಿನ (ಮಂಜುಗಡ್ಡೆಯ ಅಂಕಣದ) ಗೋಡೆಯವರೆಗೂ ಸರಿಯಬೇಕು. ಅಲ್ಲಿಗೆ ಸರಿದ ಮೇಲೆ ಗೋಲಿಗೆ ದಾರಿಯೇ ಕಡಿದಂತೆ. ಗುದ್ದಿ ಬೀಳಿಸಿದ್ದಕ್ಕಿಂತ ಹೆಚ್ಚು ಸಲ ಅವರು ಹೀಗೆ ದಾರಿ ಮುಚ್ಚಿಯೇ ಗೆದ್ದಿದ್ದಾರೆ.

ಇನ್ನು ಭಾರದ ಲೆಕ್ಕ. 80 ಕಿಲೊದ ಒಬ್ಬ, 113 ಕಿಲೊದ ಒಬ್ಬ, 150 ಕಿಲೊದ ಒಬ್ಬ, ಮೂವರೂ ಗಂಟೆಗೆ 36 ಕಿಲೊಮೀಟರ್ ವೇಗದಲ್ಲಿ ಬರುತ್ತಿದ್ದಾರೆ ಎನ್ನೋಣ. ಸೆಕೆಂಡಿಗೆ ಹತ್ತು ಮೀಟರ್. ಒಳ್ಳೆಯ ಆಟಗಾರರಿಗೆ ಇದು ವಿಶೇಷ ವೇಗವೇನೂ ಅಲ್ಲ. ಮೊದಲನೆಯವನ ಚಲನಶಕ್ತಿ 4,000 ಜೌಲ್, ಎರಡನೆಯವನದು 5,650, ಮೂರನೆಯವನದು 7,500. ಡಿಕ್ಕಿ ಹೊಡೆಯುವಾಗ ಇದು ಲಾಭವೇ, ನಿಮ್ಮ ಊಹೆ ಅಲ್ಲಿಯವರೆಗೆ ಸರಿ. ಆದರೆ ಪಕ್ ಅತ್ತ ಹೋಯಿತು, ಈಗ ನಿಂತು ಹಿಂದಿರುಗಬೇಕು. ಸ್ಕೇಟನ್ನು ಅಡ್ಡ ತಿರುಗಿಸಿ, ಅಲಗನ್ನು ಮಂಜುಗಡ್ಡೆಗೆ ಕಚ್ಚಿಸಿ, ಅಷ್ಟೂ ಶಕ್ತಿಯನ್ನು ಎರಡು ಮೊಣಕಾಲು, ಎರಡು ತೊಡೆಗಳಲ್ಲೇ ಅರಗಿಸಿಕೊಳ್ಳಬೇಕು. 150 ಕಿಲೊದವನು 80 ಕಿಲೊದವನಷ್ಟೇ ಜಾಗದಲ್ಲಿ ನಿಲ್ಲಬೇಕಾದರೆ ಸುಮಾರು ಎರಡು ಪಟ್ಟು ಬಲ ಹಾಕಬೇಕು. ನಿಂತ ಮೇಲೆ ಮತ್ತೆ ಸೊನ್ನೆಯಿಂದ ಅದೇ ವೇಗಕ್ಕೆ ಏರಬೇಕು. ಪಂದ್ಯದಲ್ಲಿ ಇದು ಎಷ್ಟು ಸಲ ಆಗುತ್ತದೆಂದರೆ, ಆಟಗಾರರು ಒಮ್ಮೆಗೆ ಮುಕ್ಕಾಲು ನಿಮಿಷದಷ್ಟು ಆಡಿ ಏದುಸಿರು ಬಿಡುತ್ತ ಬೆಂಚಿಗೆ ಮರಳುತ್ತಾರೆ.

ದೇಹ ದೊಡ್ಡದಾದಂತೆ ಸ್ನಾಯುವೂ ದೊಡ್ಡದಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ತೂಕದಷ್ಟು ಬೇಗ ಆಗುವುದಿಲ್ಲ. ಅಂಗಾಂಗಗಳ ಅನುಪಾತ ಹಾಗೆಯೇ ಇದ್ದು ಎತ್ತರ ನೂರಕ್ಕೆ ಇಪ್ಪತ್ತು ಹೆಚ್ಚಿದರೆ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ನೂರಕ್ಕೆ 44 ಹೆಚ್ಚುತ್ತದೆ, ತೂಕ ನೂರಕ್ಕೆ 73. ಬಲ ಆ ವಿಸ್ತೀರ್ಣವನ್ನು ಅನುಸರಿಸುತ್ತದೆ, ಹೊರೆ ತೂಕವನ್ನು. ದೊಡ್ಡವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ತಿರುವಿನಲ್ಲಿ ದೇಹವನ್ನು ಎಷ್ಟು ವಾಲಿಸಬೇಕೆಂಬುದು ವೇಗ ಮತ್ತು ತಿರುವಿನ ಅಗಲಕ್ಕೆ ಸಂಬಂಧಿಸಿದ್ದು, ತೂಕಕ್ಕಲ್ಲ. ಹಾಗಾಗಿ ಭಾರದವನು ತಿರುವಿನಲ್ಲಿ ಬಿದ್ದೇ ಬೀಳುತ್ತಾನೆಂಬ ಮಾತು ಸುಳ್ಳು. ಎಡಕ್ಕೆ ವಾಲಿದ ಉದ್ದ ದೇಹವನ್ನು ಬಲಕ್ಕೆ ತರುವುದಕ್ಕೆ ತುಸು ಹೆಚ್ಚು ಹೊತ್ತು ಬೇಕು, ಅಷ್ಟೇ. ಆ ತುಸು ಹೊತ್ತನ್ನು ಮೊದಲೇ ಊಹಿಸಿ ಆಡುವುದನ್ನು ಚಾರಾ ವರ್ಷಗಟ್ಟಲೆ ಕಲಿತರು.

ಸುಮೊ ಜಟ್ಟಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರ ಅಖಾಡದ ಅಡ್ಡಳತೆ 4.55 ಮೀಟರ್, ಬಹುಪಾಲು ಸೆಣಸಾಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಎನ್‌ಎಚ್‌ಎಲ್ ರಿಂಕಿನ ಉದ್ದ 61 ಮೀಟರ್, ಅಗಲ 26. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಪ್ಪಗಿನವರೊಬ್ಬರು ಬಾಗಿಲಿಗೆ ಅಡ್ಡ ನಿಂತರೆ ನುಗ್ಗುವುದು ಕಷ್ಟವೇ, ಆದರೆ ದಾದರ್ ಬಂದಾಗ ಇಳಿಯುವುದು ಯಾರ ಕಾಲು ಚುರುಕೋ ಅವರು.

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಕಬಡ್ಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರೊ ಕಬಡ್ಡಿಯಲ್ಲಿ ಆಟಗಾರನ ತೂಕ 85 ಕಿಲೊ ಮೀರುವಂತಿಲ್ಲ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಕಿರಿದಾದ ಜಾಗಕ್ಕೆ 130 ಕಿಲೊದವರು ಏಳು ಜನ ಬಂದರೆ ಆಟವೇ ಕೆಡುತ್ತದೆ, ಆದ್ದರಿಂದ ನಿಯಮ ಗೆರೆ ಎಳೆದಿದೆ. ಆ ಗೆರೆಯೊಳಗೂ ಮೆರೆಯುವುದು ಹೆಚ್ಚಾಗಿ ಕಾಲಿನ ಆಟ. ಮುಂಬೈಯಲ್ಲೇ ಬೆಳೆದ ರಿಶಾಂಕ್ ದೇವಾಡಿಗ 2017ರಲ್ಲಿ ಒಂದೇ ಪಂದ್ಯದಲ್ಲಿ 28 ರೇಡ್ ಅಂಕ ಗಳಿಸಿದರಲ್ಲ, ಅವರ ಹೆಸರಿನ ಜೊತೆ ಇಂದಿಗೂ ನೆನಪಾಗುವುದು ಬೋನಸ್ ಗೆರೆಯ ಮೇಲಿನ ಆ ಪಾದದ ಚಮತ್ಕಾರ. ಐಸ್ ಹಾಕಿಯಲ್ಲಿ ತೂಕದ ಮಿತಿಯೇ ಇಲ್ಲ. ತಕ್ಕಡಿ ಮಾಡಬೇಕಾದ ಕೆಲಸವನ್ನು ಅಲ್ಲಿ ಮಂಜುಗಡ್ಡೆಯೇ ಮಾಡುತ್ತದೆ. ನಿಯಮದ ತಡೆ ಇಲ್ಲದಿದ್ದರೂ ಲೀಗಿನ ಆಟಗಾರರ ಸರಾಸರಿ 6 ಅಡಿ 1 ಇಂಚು, 90 ಕಿಲೊ ಆಸುಪಾಸಿನಲ್ಲೇ ನಿಂತಿರುವುದು ಅದಕ್ಕೇ.

ಹುಲ್ಲಿನ ಹಾಕಿಯಲ್ಲಿ ಮೈಯಿಂದ ಗುದ್ದುವಂತಿಲ್ಲ. ಆದರೂ ಬಗೆಬಗೆಯ ಮೈಕಟ್ಟಿಗೆ ಅಲ್ಲೂ ಜಾಗವಿದೆ. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಇಬ್ಬರನ್ನು ನೆನೆಯಿರಿ. ವಿ.ಆರ್. ರಘುನಾಥ್ ಎತ್ತರದ, ತುಂಬು ಮೈಕಟ್ಟಿನ ಡಿಫೆಂಡರ್, ಡ್ರ್ಯಾಗ್ ಫ್ಲಿಕ್ ಹೊಡೆಯುವವರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ತೆಳ್ಳಗಿನ ಮೈಯ ಮಿಂಚಿನ ಫಾರ್ವರ್ಡ್. ರಘುನಾಥ್ ಅವರ ಕೆಲಸ ಸುನಿಲ್ ಅವರಿಗೆ ಬರುತ್ತಿರಲಿಲ್ಲ, ಸುನಿಲ್ ಅವರ ಓಟ ರಘುನಾಥ್ ಅವರಿಗೆ ಸಾಧ್ಯವಿರಲಿಲ್ಲ.

ಈಗ ಗೋಲಿನ ಬಾಯಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ಗೋಲಿನ ಅಗಲ 183 ಸೆಂಟಿಮೀಟರ್, ಎತ್ತರ 122. ಇಷ್ಟು ಚಿಕ್ಕ ಬಾಯಿಯನ್ನು ಒಬ್ಬ ಬೃಹದ್ದೇಹಿ ಮುಚ್ಚಿಬಿಡಬಹುದೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಪಕ್ಕಿನ ಅಡ್ಡಳತೆ ಏಳೂವರೆ ಸೆಂಟಿಮೀಟರ್, ದಪ್ಪ ಎರಡೂವರೆ. ಮನುಷ್ಯ ದುಂಡಗೆ, ಗೋಲು ಆಯತಾಕಾರ. ನಾಲ್ಕು ಮೂಲೆಗಳಲ್ಲಿ, ಕಂಕುಳಡಿಯಲ್ಲಿ, ಕಾಲುಗಳ ನಡುವೆ ಉಳಿಯುವ ಸಂದು ಪಕ್ಕಿಗೆ ಧಾರಾಳವಾಗಿ ಸಾಕು. ಕೂತವನು ಮೂಲೆ ಮುಚ್ಚಲು ತೋಳು ಚಾಚಿದರೆ ಪಕ್ಕೆ ತೆರೆದುಕೊಳ್ಳುತ್ತದೆ. ಕವಚವನ್ನೇ ಅಗಲ ಮಾಡಿಕೊಳ್ಳೋಣವೆಂದರೆ ಅದಕ್ಕೂ ನಿಯಮವಿದೆ, ಕಾಲಿನ ಪ್ಯಾಡ್ 11 ಇಂಚಿಗಿಂತ ಅಗಲ ಇರುವಂತಿಲ್ಲ. ದಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಬಳಿಯಿಂದ ಗಂಟೆಗೆ 160 ಕಿಲೊಮೀಟರ್ ವೇಗದಲ್ಲಿ ಹೊಡೆದ ಪಕ್ ಅರ್ಧ ಸೆಕೆಂಡಿನೊಳಗೆ ಗೋಲು ಮುಟ್ಟುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು, ಎದುರಾಳಿಗಳು ನೇರವಾಗಿ ಹೊಡೆಯಬೇಕೆಂದೇನೂ ಇಲ್ಲ. ಎಡಗಡೆಯವನು ಹೊಡೆಯುವಂತೆ ಮಾಡಿ ಬಲಗಡೆಯವನಿಗೆ ಪಾಸ್ ಕೊಡುತ್ತಾನೆ. ಗೋಲ್‌ಕೀಪರ್ ಮಂಡಿಯೂರಿದ ಭಂಗಿಯಲ್ಲೇ ಒಂದು ಕಾಲಿನಿಂದ ತಳ್ಳಿಕೊಂಡು ಈ ಕಂಬದಿಂದ ಆ ಕಂಬಕ್ಕೆ ಜಾರಬೇಕು. ತಡೆದ ಪಕ್ ಮತ್ತೆ ಮುಂದೆಯೇ ಬಿದ್ದರೆ ಏಳಬೇಕು, ಇಲ್ಲವೇ ಬಿದ್ದಲ್ಲೇ ಹೊರಳಬೇಕು. ಕೂರಿಸಿದಲ್ಲೇ ಕೂರುವವನು ಮೊದಲ ಹೊಡೆತವನ್ನು ತಡೆದಾನು, ಎರಡನೆಯದಕ್ಕೆ ಸೋಲುತ್ತಾನೆ.

ಇಲ್ಲಿಯೂ ಎತ್ತರಕ್ಕೆ ಬೆಲೆ ಇದೆ. 6 ಅಡಿ 7 ಇಂಚಿನ ಬೆನ್ ಬಿಷಪ್ ಮೂರು ಸಲ ವರ್ಷದ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದವರು. ಆದರೆ 2011ರಲ್ಲಿ ಚಾರಾ ಕಪ್ ಎತ್ತಿದಾಗ ಅವರ ಹಿಂದೆ ಗೋಲು ಕಾಯ್ದ ಟಿಮ್ ಥಾಮಸ್ 5 ಅಡಿ 11 ಇಂಚಿನವರು. ಫೈನಲ್‌ನ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಅವರು 37 ಹೊಡೆತಗಳನ್ನು ತಡೆದರು, ಒಂದನ್ನೂ ಒಳಗೆ ಬಿಡಲಿಲ್ಲ. ಬಾಸ್ಟನ್ 4–0ಯಿಂದ ಗೆದ್ದಿತು. ಆ ನಾಲ್ಕರಲ್ಲಿ ಎರಡು ಗೋಲು 5 ಅಡಿ 9 ಇಂಚಿನ ಬ್ರಾಡ್ ಮಾರ್ಷಂಡ್ ಅವರದು. ಲೀಗಿನ ಅತಿ ಎತ್ತರದ ನಾಯಕನ ತಂಡಕ್ಕೆ ಕಪ್ ತಂದುಕೊಟ್ಟ ರಾತ್ರಿ ಮಿಂಚಿದವರು ಇವರು.

ಗಾತ್ರದ ಕಥೆಗೆ ನೋವಿನ ಮುಖವೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಬಹಳ ಕಾಲ ತಂಡಗಳು ದೈತ್ಯದೇಹಿಗಳನ್ನು ಸೇರಿಸಿಕೊಂಡದ್ದು ಮುಷ್ಟಿಯುದ್ಧಕ್ಕೆ. 6 ಅಡಿ 7 ಇಂಚಿನ ಡೆರೆಕ್ ಬೂಗಾರ್ಡ್ 277 ಪಂದ್ಯಗಳಲ್ಲಿ ಹೊಡೆದದ್ದು ಮೂರು ಗೋಲು. 2011ರ ಮೇ ತಿಂಗಳಲ್ಲಿ, 28ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರ ಮಿದುಳಿನಲ್ಲಿ ಕಾಣುವ ಹಾನಿ ಅವರ ಮಿದುಳಿನಲ್ಲಿ ಪತ್ತೆಯಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಮಾಂಟ್ರಿಯಾಲ್‌ನಲ್ಲಿ ಚಾರಾ ಅವರ ಗುದ್ದಿಗೆ ಮ್ಯಾಕ್ಸ್ ಪಚೊರೆಟ್ಟಿ ಎಂಬ ಆಟಗಾರನ ಕತ್ತಿನ ಮೂಳೆ ಮುರಿಯಿತು. ಎತ್ತರದವನ ಭುಜ, ಮೊಣಕೈ ಸಹಜವಾಗಿಯೇ ಇತರರ ತಲೆಯ ಮಟ್ಟದಲ್ಲಿರುತ್ತವೆ. ತಲೆಗೆ ಗುರಿಯಿಟ್ಟು ಗುದ್ದುವುದನ್ನು ತಡೆಯುವ ನಿಯಮ 2010ರಿಂದ ಬಂದಿದೆ, ಬರೀ ಹೊಡೆದಾಟಕ್ಕೆಂದೇ ಒಬ್ಬನನ್ನು ಸಾಕುವ ಪದ್ಧತಿ ಬಹುಮಟ್ಟಿಗೆ ಅಳಿದಿದೆ. ಒಳ್ಳೆಯದೇ ಆಯಿತು. ಒಬ್ಬ ಯುವಕನ ಮೈ ದೊಡ್ಡದೆಂಬ ಕಾರಣಕ್ಕೆ ಅವನನ್ನು ಪೆಟ್ಟು ತಿನ್ನುವ ಕೆಲಸಕ್ಕೆ ಇಳಿಸುವುದು ಯಾವ ಆಟಕ್ಕೂ ಶೋಭೆಯಲ್ಲ.

ನಿಮ್ಮ ಮನೆಯಲ್ಲೋ ಬಂಧುಗಳಲ್ಲೋ ಎತ್ತರಕ್ಕೆ ಬೆಳೆಯುತ್ತಿರುವ ಹುಡುಗನೋ ಹುಡುಗಿಯೋ ಇದ್ದು ಈ ಪ್ರಶ್ನೆ ಹುಟ್ಟಿದ್ದರೆ ಇನ್ನೂ ಒಂದೆರಡು ಮಾತು. ಭಾರತ 1989ರಲ್ಲೇ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಸೇರಿದೆ. ಆಟ ಬೇರೂರಿರುವುದು ಲಡಾಖಿನಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಕೊಳಗಳ ಮೇಲೆ. ಹೆಚ್ಚಾಗಿ ಅಲ್ಲಿಯ ಹೆಣ್ಣುಮಕ್ಕಳೇ ಇದ್ದ ಭಾರತ ತಂಡ 2025ರ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು, ಅವರಲ್ಲಿ ದೈತ್ಯದೇಹಿಗಳು ಯಾರೂ ಇರಲಿಲ್ಲ. ಡೆಹ್ರಾಡೂನ್‌ನಲ್ಲಿ ಒಳಾಂಗಣ ರಿಂಕ್ ಇದೆ. ಸಯನ್‌ಗೆ ಹತ್ತಿರದ ಕುರ್ಲಾದ ಮಾಲಿನ ಸ್ನೋ ವರ್ಲ್ಡ್‌ನಲ್ಲಿ ಹಿಮ ಮುಟ್ಟಿ ಆಡಬಹುದು, ಹಾಕಿ ಕಲಿಯಲಾಗದು. ಮುಂಬೈಯಲ್ಲಿ ಕೈಗೆಟಕುವುದು ಚಕ್ರದ ಸ್ಕೇಟು. ಎಳವೆಯಲ್ಲೇ ಒಂದೇ ಸಾಲಿನ ಚಕ್ರದ ಇನ್‌ಲೈನ್ ಸ್ಕೇಟಿನಿಂದ ಶುರು ಮಾಡಲಿ. ಸಮತೋಲ, ತಳ್ಳುವ ರೀತಿ, ತಿರುವಿನಲ್ಲಿ ವಾಲುವುದು, ಇವೆಲ್ಲ ಅದರಲ್ಲೇ ಬರುತ್ತವೆ. ಬಾರದೆ ಉಳಿಯುವುದು ನಿಲ್ಲುವ ವಿದ್ಯೆ. ಚಕ್ರ ಅಡ್ಡಕ್ಕೆ ಜಾರುವುದಿಲ್ಲ, ಅಲಗು ಜಾರುತ್ತದೆ. ಹಾಗಾಗಿ ಎಂದಾದರೂ ಹಿಮದ ಮೇಲೆ ಇಳಿಯುವ ಅವಕಾಶ ಸಿಕ್ಕಾಗ ಮೊದಲ ದಿನಗಳನ್ನು ಪೂರ್ತಿ ಅದಕ್ಕೇ ಮೀಸಲಿಡಲಿ, ದೊಡ್ಡ ಮೈಯವರಂತೂ ಇನ್ನೂ ನಾಲ್ಕು ದಿನ ಹೆಚ್ಚೇ ಇಡಲಿ.