ಮೀಸಲಾತಿ: ಮೊತ್ತ ಸರಿ, ಹಂಚಿಕೆ?



ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಒಳಗಿನ ಖಾತೆಗಳೆಲ್ಲ ಸರಿ ಅಂತ ನಂಬಬಾರದು. ಇದು ಕಾಮರ್ಸ್ ಕ್ಲಾಸಿನ ಮೊದಲ ಪಾಠ. ಮೀಸಲಾತಿಯ ಲೆಕ್ಕಕ್ಕೂ ಇದೇ ಮಾತು.

ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಇತರೆ ಹಿಂದುಳಿದ ವರ್ಗಗಳಿಗೆ ಶೇ. 27 ಮೀಸಲು. ಅದು ಒಳಗೊಳಗೆ ಹೇಗೆ ಹಂಚಿಕೆಯಾಗಿದೆ ಅಂತ ನೋಡಲು 2017ರಲ್ಲಿ ನ್ಯಾಯಮೂರ್ತಿ ರೋಹಿಣಿ ಆಯೋಗ ನೇಮಕವಾಯಿತು. ಐದು ವರ್ಷಗಳ ಸುಮಾರು 1.30 ಲಕ್ಷ ನೌಕರಿಗಳನ್ನೂ ಮೂರು ವರ್ಷಗಳ ಕಾಲೇಜು ಪ್ರವೇಶಗಳನ್ನೂ ಅದು 2018ರಲ್ಲಿ ಪರಿಶೀಲಿಸಿತು. ಕಾಲುಭಾಗ ಜಾತಿಗಳಿಗೇ ಶೇ. 97 ಪಾಲು ಹೋಗಿತ್ತು. 983 ಸಮುದಾಯಗಳ ಹೆಸರಿನ ಮುಂದೆ ಸೊನ್ನೆ!

ಶ್ರೀಮಂತರನ್ನು ಹೊರಗಿಡುವ ಕೆನೆಪದರದ ನಿಯಮ 1993ರಿಂದಲೇ ಇದೆಯಲ್ಲ ಅನ್ನಬಹುದು. ಅದು ಮೇಲಿನವರನ್ನು ತಡೆಯುತ್ತದೆ, ನಿಜ. ಆದರೆ ಕೆಳಗಿನವರನ್ನು ಕೈಹಿಡಿದು ತರೋದಿಲ್ಲ.

ಹಾಗಾದ್ರೆ ಮೀಸಲಾತಿಯೇ ಬೇಡ ಅನ್ನೋರನ್ನು ನಾನು ಒಪ್ಪಲಾರೆ. ಅದಿಲ್ಲದಿದ್ದರೆ ನಾನೇ ಈ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಮುಂಬಯಿಯ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂಡುತ್ತಿದ್ದ ಗೆಳೆಯನೊಬ್ಬನಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ಏಳನೇ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಸಂಗಡ ಗಟಾರ ಅಗೆಯಲು ಹೋದ. ಕಾಲೇಜಿನ ಮೀಸಲು ಸೀಟು ಹನ್ನೆರಡನೇ ಪಾಸಾದವರಿಗೆ, ಅವನಿಗೆ ಅದರಿಂದೇನು?

ಆದ್ದರಿಂದ ಎರಡು ಕೆಲಸವಾಗಬೇಕು. ಒಂದು, ಸೊನ್ನೆ ಸಿಕ್ಕ ಜಾತಿಗಳಿಗೆ ಬೇರೆ ಒಳಪಾಲು. ಎರಡು, ಶಾಲೆ ಬಿಡೋದಕ್ಕೆ ಮುಂಚೆಯೇ ಹಾಸ್ಟೆಲು, ವಿದ್ಯಾರ್ಥಿವೇತನ. ಆಯೋಗ 2023ರಲ್ಲಿ ವರದಿ ಕೊಟ್ಟಿದೆ. ನಾವು, ಪಾಲು ಪಡೆದವರೇ, ಮೊದಲು ಇದನ್ನು ಕೇಳಬೇಕು.