ಹತ್ತು ಒಗೆತ ದಾಟಿದ ಮೇಲೆ ಮಾರಾಟ

ಧಾರವಾಡದಲ್ಲಿ ನಮ್ಮದು ಎರಡೇ ಮೇಜಿನ ಸಣ್ಣ ಕಾರ್ಖಾನೆ. ಮರದ ಅಚ್ಚುಗಳಿಂದ ಕುಷನ್ ಕವರ್, ಟೇಬಲ್ ರನ್ನರ್, ಬೆಡ್‌ಶೀಟ್‌ಗಳ ಮೇಲೆ ಚಿತ್ರ ಒತ್ತುತ್ತೇವೆ. ದಸರೆ, ದೀಪಾವಳಿ ಹತ್ತಿರ ಬಂದಾಗಲೆಲ್ಲ ಹೊಸದೊಂದನ್ನು ಹೊರತಂದು ಕಲಿತ ಪಾಠಗಳಿವು. ಈ ಕಸುಬಿಗೆ ಹೊಸದಾಗಿ ಇಳಿಯುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

1. ಒತ್ತುವ ಮೊದಲು ಒಗೆಯಿರಿ

ಮಗ್ಗದಿಂದ ಬಂದ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿದರೆ ಬಣ್ಣ ಗಂಜಿಯ ಮೇಲೆ ಕೂರುತ್ತದೆಯೇ ಹೊರತು ನೂಲಿಗೆ ಇಳಿಯುವುದಿಲ್ಲ. ಒಗೆದಾಗ ಗಂಜಿಯ ಜೊತೆ ಬಣ್ಣವೂ ಬಿಡುತ್ತದೆ. ರಾತ್ರಿಯಿಡೀ ನೆನೆಹಾಕಿ, ಸೋಪಿನ ನೀರಲ್ಲಿ ಕುದಿಸಿ, ಒಣಗಿಸಿ, ಆಮೇಲೆ ಅಳತೆ ಹಿಡಿಯಿರಿ. ನೂರಕ್ಕೆ ಐದರಷ್ಟು ಕುಗ್ಗಿದರೂ 72 ಇಂಚಿನ ರನ್ನರ್ ಸುಮಾರು ಮೂರೂವರೆ ಇಂಚು ಗಿಡ್ಡವಾಗುತ್ತದೆ. ಆ ಗಿಡ್ಡತನ ಕಾಣುವುದು ಗಿರಾಕಿಯ ಮನೆಯ ಮೇಜಿನ ಮೇಲೆ.

2. ಒಣಗಿದ್ದು ಬೇರೆ, ಹಿಡಿದದ್ದು ಬೇರೆ

ಪಿಗ್ಮೆಂಟ್ ಬಣ್ಣ ಅರ್ಧ ಗಂಟೆಯಲ್ಲಿ ಒಣಗಿ ಕೈಗೆ ಅಂಟದಂತಾಗುತ್ತದೆ. ಆದರೆ ಅದನ್ನು ಬಟ್ಟೆಗೆ ಹಿಡಿಸುವ ಬೈಂಡರ್ ಗಟ್ಟಿಯಾಗಲು ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿ ಮೂರು-ನಾಲ್ಕು ನಿಮಿಷ ಬೇಕು. ಒಮ್ಮೆ ಹಬ್ಬದ ಅವಸರದಲ್ಲಿ ಬರೀ ಬಿಸಿಲಿಗೆ ಒಣಗಿಸಿ ಕೆಂಪು ಕುಷನ್ ಕವರ್‌ಗಳನ್ನು ಕಳಿಸಿಬಿಟ್ಟೆ. ವಾರದಲ್ಲಿ ಒಬ್ಬರು ಗಿರಾಕಿ ತಮ್ಮ ಬಿಳಿ ಜುಬ್ಬಾದ ಬೆನ್ನಿನ ಫೋಟೊ ಕಳಿಸಿದರು. ನಮ್ಮ ಕಮಲದ ಎಸಳು ಅಲ್ಲಿ ಸ್ಪಷ್ಟವಾಗಿ ಮೂಡಿತ್ತು. ಕವರಿನ ಹಣ, ಜುಬ್ಬಾದ ಹಣ ಎರಡನ್ನೂ ಕೊಟ್ಟೆ. ಅಂದಿನಿಂದ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಇಪ್ಪತ್ತು ಸಲ ಉಜ್ಜಿ ನೋಡದೆ ಯಾವ ಸರಕನ್ನೂ ಹೊರಗೆ ಬಿಡುವುದಿಲ್ಲ.

3. ಚಿತ್ರ ಎಲ್ಲಿ ಕೂರುತ್ತದೆ ಎಂದು ಯೋಚಿಸಿ

ಕಸೂತಿಯ ತೇರಿನ ಆಕಾರದಲ್ಲಿ ಒಂದು ಅಚ್ಚು ಕೆತ್ತಿಸಿ, ನೆಲದ ಮೇಲೆ ಹಾಸುವ ದೊಡ್ಡ ದಿಂಬಿಗೆ ಒತ್ತಿದ್ದೆ. ಮೇಳದಲ್ಲಿ ಹಿರಿಯ ತಾಯಿಯೊಬ್ಬರು ಅದನ್ನು ಕೈಗೆತ್ತಿಕೊಂಡು ಸವರಿ, ‘ಭಾಳ ಛಂದ ಐತವ್ವಾ. ಆದ್ರ ದೇವರ ತೇರಿನ ಮ್ಯಾಲ ಹೆಂಗ ಕುಂದ್ರೂದು?’ ಎಂದು ಮೆಲ್ಲಗೆ ವಾಪಸ್ ಇಟ್ಟರು. ತೇರು, ಗೋಪುರ, ತುಳಸಿ ಕಟ್ಟೆಗಳು ಈಗ ಗೋಡೆಗೆ ತೂಗುವ ಬಟ್ಟೆಯಲ್ಲಿ, ಬಾಗಿಲ ಪರದೆಯ ಮೇಲಂಚಿನಲ್ಲಿ ಇವೆ. ದಿಂಬಿಗೆ ಬಳ್ಳಿ, ಹೂವು. ಊಟದ ಮೇಜಿನ ಕೈವಸ್ತ್ರಕ್ಕೂ ಇದೇ ಯೋಚನೆ ಬೇಕು. ನಮ್ಮ ಸಾರು-ಪಲ್ಯದಲ್ಲಿ ಅರಿಶಿನ ಇದ್ದೇ ಇರುತ್ತದೆ. ಅದರ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಆದ್ದರಿಂದ ಕೈವಸ್ತ್ರಕ್ಕೆ ಬಿಳಿ ಬಟ್ಟೆ ಬಿಟ್ಟು ಸಾಸಿವೆ, ಇಟ್ಟಿಗೆ ಬಣ್ಣದ ಬಟ್ಟೆಗೆ ಬಂದೆವು.

4. ಅಚ್ಚನ್ನು ಅಚ್ಚೆಂದೇ ಹೇಳಿ

ಕಸೂತಿ ಎಂದರೆ ಎಳೆ ಎಣಿಸಿ ಹಾಕುವ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆ ಆಕಾರವನ್ನು ಅಚ್ಚಿನಲ್ಲಿ ಒತ್ತಿದರೆ ಅದು ಕಸೂತಿ ಆಗುವುದಿಲ್ಲ. ನಮ್ಮ ಚೀಟಿಯ ಮೇಲೆ ‘ಮರದಚ್ಚಿನ ಮುದ್ರಣ’ ಎಂದೇ ಇರುತ್ತದೆ. ದಿನಗಟ್ಟಲೆ ಕಣ್ಣಿಟ್ಟು ಹೊಲಿಯುವ ಹೆಣ್ಣುಮಕ್ಕಳ ಹೆಸರನ್ನು ನಾವು ನಿಮಿಷದ ಕೆಲಸಕ್ಕೆ ಅಂಟಿಸಬಾರದು.

5. ಅಂಗಡಿಯ ಪಾಲು ಸೇರಿಸಿ ಬೆಲೆ ಕಟ್ಟಿ

ನಮ್ಮ 16 ಇಂಚಿನ ಕುಷನ್ ಕವರಿನ ಲೆಕ್ಕ ಹೀಗಿತ್ತು: ಅರ್ಧ ಮೀಟರ್ ಬಟ್ಟೆ 90 ರೂಪಾಯಿ, ಬಣ್ಣ ಮತ್ತು ಒತ್ತುವ ಕೂಲಿ 45, ಜಿಪ್ ಸಹಿತ ಹೊಲಿಗೆ 40, ಚೀಟಿ-ಪ್ಯಾಕಿಂಗ್ 12, ಕೆಟ್ಟುಹೋಗುವ ತುಂಡುಗಳಿಗೆ 18. ಒಟ್ಟು 205. ಮುನ್ನೂರಕ್ಕೆ ಮಾರಿದರೆ 95 ಲಾಭ ಎಂದುಕೊಂಡಿದ್ದೆ. ಅಂಗಡಿಗೆ ನೂರಕ್ಕೆ 40 ಕೊಟ್ಟ ಮೇಲೆ ಕೈಗೆ ಬಂದದ್ದು 180. ಪ್ರತಿ ಕವರಿಗೆ 25 ರೂಪಾಯಿ ನಷ್ಟ. ಬೆಲೆ ಕಟ್ಟುವ ಮುಂಚೆ ಈ ಲೆಕ್ಕ ಹಾಳೆಯ ಮೇಲೆ ಇಳಿಯಲಿ.

6. ಬಣ್ಣದ ಪುಸ್ತಕ ಇಡಿ

‘ಸ್ವಲ್ಪ ನೀಲಿ, ಚೂರು ಕಪ್ಪು’ ಎಂದು ಕಲಸಿದ ಬಣ್ಣ ಎರಡನೇ ಸಲ ಬರುವುದಿಲ್ಲ. ಗ್ರಾಮಿನಲ್ಲಿ ತೂಗಿ ಬರೆದು, ಪಕ್ಕದಲ್ಲಿ ಅದೇ ಬಟ್ಟೆಯ ಬೆರಳಗಲ ತುಂಡು ಅಂಟಿಸಿ. ನಾಲ್ಕು ಕವರ್ ಕೊಂಡವರು ಆರು ತಿಂಗಳ ಮೇಲೆ ಇನ್ನೆರಡು ಕೇಳಿದಾಗ ಈ ಪುಸ್ತಕವೇ ಕೈ ಹಿಡಿಯುವುದು.

7. ಮೊದಲು ನಿಮ್ಮ ಮನೆಯಲ್ಲಿ ಬಾಳಲಿ

ಈಗ ಹೊಸ ಸರಕಿನ ಮೊದಲ ತುಂಡನ್ನು ಎರಡು ಭಾಗ ಮಾಡುತ್ತೇನೆ. ಒಂದು ಕಪಾಟಿಗೆ, ಇನ್ನೊಂದು ನಮ್ಮ ಮನೆಯ ಬಳಕೆಗೆ. ಮಕ್ಕಳು ಅದರ ಮೇಲೆ ಹೊರಳುತ್ತಾರೆ, ಚಹಾ ಚೆಲ್ಲುತ್ತದೆ, ಒಗೆಯುವ ಕಲ್ಲಿನ ಪೆಟ್ಟೂ ಬೀಳುತ್ತದೆ. ಹತ್ತು ಒಗೆತದ ನಂತರ ಎರಡನ್ನೂ ಅಂಗಳದ ಬಿಸಿಲಲ್ಲಿ ಪಕ್ಕಪಕ್ಕ ಹಾಸಿ ನೋಡುತ್ತೇವೆ. ಬಣ್ಣ ತುಸು ಮೆದುವಾಗಿ, ಗೆರೆ ಗಟ್ಟಿಯಾಗಿ ಉಳಿದಿದ್ದರೆ ಮಾತ್ರ ಇಪ್ಪತ್ತೈದು ಒತ್ತುತ್ತೇವೆ. ಇದರಿಂದ ಕೆಲವು ಹಬ್ಬಗಳು ಹೊಸ ಸರಕಿಲ್ಲದೆ ದಾಟಿವೆ. ಆದರೆ ಜುಬ್ಬಾದ ಬೆನ್ನಿನಂಥ ಫೋಟೊ ಮತ್ತೆ ಬಂದಿಲ್ಲ.